ದ್ಯಾವೀರನ ಪ್ರಥಮ ಚಿಕಿತ್ಸೆ

ಹೊಂಬಾಳಮ್ಮನಿಗೆ ಒಬ್ಬನೇ ಮಗ, ದ್ಯಾವೀರ. ಮೈಯಲ್ಲಿ ಬಂಡೆ ಎತ್ತುವ ಕಸುವಿತ್ತು, ಬುದ್ಧಿಯ ವಿಷಯ ಮಾತ್ರ ಕೇಳಬೇಡಿ. ಹೇಳಿದ್ದನ್ನು ಹೇಳಿದ ಹಾಗೇ ಮಾಡುತ್ತಿದ್ದ, ಅದೇ ಅವಳ ತಲೆನೋವು. ಕಂಡಕಂಡವರ ಕೈಕಾಲು ಹಿಡಿದು ಅವನನ್ನು ತಾಲೂಕಿನ ಫೈರ್ ಸ್ಟೇಷನ್ನಿಗೆ ಸೇರಿಸಿದ್ದಳು. ಈ ಕೆಲಸವೂ ಹೋದರೆ ಇವನಿಗೆ ಯಾರೂ ಹೆಣ್ಣು ಕೊಡುವುದಿಲ್ಲ ಅನ್ನುವುದೇ ಅವಳ ಚಿಂತೆ.

ಮೊದಲ ವಾರ ಒಂದು ಮೇಕೆ ಬಾವಿಗೆ ಬಿತ್ತು. ದ್ಯಾವೀರ ಇಳಿದು ಎತ್ತಿದ, ಮುರಿದ ಕಾಲಿಗೆ ದಬ್ಬೆ ಕಟ್ಟಿದ. ಮೇಕೆ ಕುಂಟಿತು.

"ನನ್ ಮೇಕೆ ಮುಟ್ಟು ಅಂದೋರ್ಯಾರು? ಕೇಸ್ ಹಾಕ್ತೀನಿ" ಅಂದ ಮೇಕೆಯವನು.

ಹೊಂಬಾಳಮ್ಮ ಬೈದಳು. "ಪೆದ್ದು ಮುಂಡೇದೇ, ಮೊದ್ಲು ಒಡೆಯನ್ನ ಕೇಳ್ಬೇಕು ಕಣ್ಲಾ. ಅವ್ನು ಹೂಂ ಅಂದ್ಮೇಲೆ ಮುಟ್ಟು."

"ಆಗ್ಲಿ ಕಣವ್ವ."

ಮರುವಾರ ಒಂದು ಕೊಟ್ಟಿಗೆಗೆ ಬೆಂಕಿ ಬಿತ್ತು. ಹೊಗೆ ಕುಡಿದ ಕರು ಅಂಗಳದಲ್ಲಿ ಬಿದ್ದು ಏದುಸಿರು ಬಿಡುತ್ತಿತ್ತು. ಒಡೆಯ ಮೈಸೂರಿಗೆ ಮದುವೆಗೆ ಹೋಗಿದ್ದ. ದ್ಯಾವೀರ ಆಕ್ಸಿಜನ್ ಸಿಲಿಂಡರನ್ನು ಹೆಗಲಿಗೇರಿಸಿ ಮೈಸೂರಿನ ಬಸ್ ಹತ್ತಿದ. ಊಟದ ಪಂಕ್ತಿಯಲ್ಲಿ ಒಡೆಯನನ್ನು ಹುಡುಕಿ, ಹೂಂ ಅನ್ನಿಸಿಕೊಂಡು, ಸಂಜೆ ವಾಪಸ್ಸು ಬಂದ. ಅಷ್ಟರಲ್ಲಿ ಪಕ್ಕದ ಮನೆಯಾಕೆ ನೀರು ಚಿಮುಕಿಸಿ, ಗಾಳಿ ಬೀಸಿ ಕರುವನ್ನು ಉಳಿಸಿಕೊಂಡಿದ್ದಳು. ಫೈರ್ ಸ್ಟೇಷನ್ನಿನ ಸಾಹೇಬರು, "ಇನ್ನೊಂದು ದೂರು ಬಂದ್ರೆ ನೀನು ಮನೆಗೆ" ಅಂದರು.

ಅದೇ ಹೊತ್ತಿಗೆ ಹೊಸ ಕಾನೂನು ಬಂತು, ಅದರ ಒಂದು ಪ್ರತಿ ದ್ಯಾವೀರನ ಕೈಗೂ ಸಿಕ್ಕಿತು. ತುರ್ತು ಸೇವೆಯವರು ಒಳ್ಳೆ ಮನಸ್ಸಿನಿಂದ ಪ್ರಾಣಿಗೆ ಪ್ರಥಮ ಚಿಕಿತ್ಸೆ ಮಾಡಿದರೆ, ಹೆಚ್ಚುಕಡಿಮೆಯಾದರೂ ಅವರ ಮೇಲೆ ಕೇಸು ಹಾಕುವಂತಿಲ್ಲ. ಹೊಂಬಾಳಮ್ಮನಿಗೆ ಹೋದ ಜೀವ ಬಂದಂತಾಯಿತು.

"ಇನ್ ಯಾರ್ನೂ ಕೇಳ್ಬೇಡ. ಆ ಕಾಗ್ದ ಜೇಬಲ್ಲಿ ಮಡಿಕ್ಕೊ. ಯಾರಾದ್ರೂ ಮೇಲೆ ಬಿದ್ರೆ ಓದಿ ಹೇಳು."

"ಆಗ್ಲಿ ಕಣವ್ವ."

ಮಾರನೆಯ ದಿನ ಚರಂಡಿಯಲ್ಲಿ ಸಿಕ್ಕಿಕೊಂಡಿದ್ದ ನಾಯಿಯನ್ನು ಎತ್ತಿದ. ಅದು ಗುರ್ರೆಂದು ಮೇಲೆ ಬಿತ್ತು. ದ್ಯಾವೀರ ಕಾಗದ ತೆಗೆದು ಓದತೊಡಗಿದ. ಎರಡನೇ ಸಾಲಿಗೆ ನಾಯಿ ತೊಡೆಗೆ ಬಾಯಿ ಹಾಕಿತು. ಅವನು ಪೂರ್ತಿ ಓದಿ, ಕೆಳಗೆ ಸಹಿ ಯಾರದೆಂದೂ ಹೇಳಿ, ಆಮೇಲೆ ಸೂಜಿ ಹಾಕಿಸಿಕೊಳ್ಳಲು ಹೋದ.

"ನಾಯಿಗೆ ಕಾನೂನು ಗೊತ್ತೇನ್ಲಾ?" ಹೊಂಬಾಳಮ್ಮ ಅತ್ತೇಬಿಟ್ಟಳು. "ಮೊದ್ಲು ಬಾಯಿ ಕಟ್ಟು, ಆಮೇಲೆ ಔಷ್ದಿ."

"ಆಗ್ಲಿ ಕಣವ್ವ."

ಬುಧವಾರ ಹೊಂಬಾಳಮ್ಮನೇ ಹಿತ್ತಲಲ್ಲಿ ಜಾರಿ ಬಿದ್ದು ಕಾಲು ಮುರಿದುಕೊಂಡಳು. ದ್ಯಾವೀರ ಓಡಿ ಬಂದು ಕಾಗದ ಬಿಚ್ಚಿ ನೋಡಿದ. ಪ್ರಾಣಿ ಅಂತ ಇತ್ತು, ಅವ್ವ ಅಂತ ಇರಲಿಲ್ಲ. ಅವ್ವನನ್ನು ಮುಟ್ಟಿ ಹೆಚ್ಚುಕಡಿಮೆಯಾದರೆ ಕೇಸು, ಕೇಸಾದರೆ ಕೆಲಸ ಹೋಯಿತು. ಬಹಳ ಹೊತ್ತು ಯೋಚಿಸಿದ.

"ಹೆದರ್ಬೇಡ ಕಣವ್ವ, ಕಾನೂನು ಪ್ರಕಾರ್ವೇ ಮಾಡ್ತೀನಿ" ಅಂದು, ಮೊದಲು ಟವೆಲ್ಲಿನಿಂದ ಅವಳ ಬಾಯಿ ಕಟ್ಟಿದ. ಅವಳು ಹೊಡೆಯಲು ಬಂದಿದ್ದಕ್ಕೆ ಕೈಯನ್ನೂ ಕಟ್ಟಿದ. ಆಮೇಲೆ ಕಾಲಿಗೆ ದಬ್ಬೆ ಕಟ್ಟಿ, ಹೆಗಲ ಮೇಲೆ ಹೊತ್ತು, ನೆಟ್ಟಗೆ ದನದ ಆಸ್ಪತ್ರೆಗೆ ನಡೆದ.

ಡಾಕ್ಟರು ತಲೆ ಎತ್ತದೆ ಚೀಟಿ ಬರೆಯುತ್ತಿದ್ದರು. "ಏನು, ಹಸುನಾ?"

"ಹಸು ಅಂತ್ಲೇ ಬರ್ಕೊಳಿ ಸಾರ್."

"ಹಾಯುತ್ತಾ?"

"ಇಲ್ಲ ಸಾರ್, ಬಯ್ತದೆ."

"ಎಷ್ಟು ಕರು ಹಾಕಿದೆ?"

ಹೆಗಲ ಮೇಲೆ ಹೊಂಬಾಳಮ್ಮ ಕಣ್ಣು ಮುಚ್ಚಿಕೊಂಡಳು.

"ಒಂದೇ ಸಾರ್" ಅಂದ ದ್ಯಾವೀರ. "ಫೈರ್ ಸ್ಟೇಷನ್ನಲ್ಲಿ ಕೆಲ್ಸ ಮಾಡ್ತದೆ."