ಓದಲಾಗಿದೆ

ಆ ಬುಧವಾರ ರಾಣೆಬೆನ್ನೂರಿನ ಟೇಲರ್ ಯಮುನಾಬಾಯಿ ಮಧ್ಯಾಹ್ನದ ಹೊತ್ತಿಗೆ ಎರಡು ಸ್ಕೂಲ್ ಯೂನಿಫಾರಂ ಮುಗಿಸಿ ಫೋನ್ ತೆರೆದಳು. ಮಗಳು ಸುಹಾಸಿನಿಗೆ ಕಳಿಸಿದ್ದ ನೂರ ಹನ್ನೊಂದು ಸಂದೇಶಗಳ ಕೆಳಗೂ ‘ಓದಲಾಗಿದೆ’ ಎಂದು ಬಂದಿತ್ತು.

ಸುಹಾಸಿನಿ ಜ್ವರದಿಂದ ತೀರಿಕೊಂಡು ಹದಿನಾಲ್ಕು ತಿಂಗಳಾಗಿತ್ತು. ಕಾಲೇಜಿನವರು ತಮ್ಮ ಜಾಲತಾಣದಲ್ಲಿ ಅವಳಿಗೆ ಕೊಟ್ಟಿದ್ದ ಸಂದೇಶದ ಖಾತೆಯನ್ನು ಮುಚ್ಚಲು ಮರೆತಿದ್ದರು. ತಾಯಿ ಆ ಖಾತೆಗೇ ಬರೆಯುತ್ತಿದ್ದಳು.

ಯಮುನಾಬಾಯಿ ಇನ್ನೊಂದು ಸಂದೇಶ ಕಳಿಸಿದಳು: “ಯಾರವ್ವಾ ಓದಿದ್ದು? ನೀನೇನು?”

ಅದನ್ನು ಓದಿದವನು ಹಾವೇರಿಯಲ್ಲಿ ಒಂಟಿಯಾಗಿದ್ದ ಇಂದುಧರ. ಕಂಪ್ಯೂಟರ್ ರಿಪೇರಿ ಅವನ ಕೆಲಸ, ಹ್ಯಾಕಿಂಗ್ ಅವನ ಹೆಮ್ಮೆ. ಅವನ ಗುಂಪಿನಲ್ಲಿ ಒಬ್ಬರು ಇನ್ನೊಬ್ಬರ ಮುಖ ನೋಡಿರಲಿಲ್ಲ. ಎಲ್ಲರಿಗೂ ಅಡ್ಡಹೆಸರು, ಅವನದು ‘ಗೂಗಿ’. ಯಾರ ಖಾತೆಗೆ ನುಗ್ಗಿದರೂ ಏನನ್ನೂ ಕದಿಯಬಾರದು ಎಂಬುದು ಅವರ ನಿಯಮ. ತಾವು ಕಳ್ಳರಲ್ಲ, ಬೀಗ ಗಟ್ಟಿಯಿದೆಯೇ ಎಂದು ನೋಡುವವರು ಎಂದು ಅವರು ನಂಬಿದ್ದರು. ಇಂದುಧರನೂ ನಂಬಿದ್ದ.

ಸುಹಾಸಿನಿಯ ಖಾತೆಯ ಬೀಗ ಒಡೆದದ್ದಕ್ಕೆ ಸಾಕ್ಷಿಯಾಗಿ ಒಂದು ಸಂದೇಶ ತೆರೆದರೆ ಸಾಕಿತ್ತು. ಅವನು ಎಲ್ಲವನ್ನೂ ಓದಿದ್ದ. ಹಾಗೆ ತೆರೆದರೆ ಕಳಿಸಿದವರಿಗೆ ಗೊತ್ತಾಗುತ್ತದೆ ಎಂಬುದನ್ನು ಇಷ್ಟು ಬಲ್ಲವನೂ ಮರೆತಿದ್ದ.

ಈಗ ಏನು ಮಾಡಲಿ ಎಂದು ಗುಂಪಿನಲ್ಲಿ ಕೇಳಿದ.

“ಮಗಳ ಹೆಸರಲ್ಲಿ ಒಂದು ‘ಹಾಯ್’ ಒಗಿಯಲೇ ಗೂಗಿ, ಮಜಾ ನೋಡೋಣು,” ಎಂದ ಒಬ್ಬ.

“ಗುರುತು ಅಳಿಸಿ ಹೊರಗ ಬಾ. ಆಕಿ ಕಣ್ಣು ಮಂಜಾಗೇತಿ ಅಂದ್ಕೋತಾಳ,” ಎಂದ ಇನ್ನೊಬ್ಬ.

ಎರಡೂ ಅವನಿಗೆ ಬಾರದ ಕೆಲಸವಲ್ಲ. ಅವನು ಕಂಪ್ಯೂಟರ್ ಆರಿಸಿದ, ಮರುದಿನ ಬೆಳಿಗ್ಗೆ ರಾಣೆಬೆನ್ನೂರಿನ ಬಸ್ಸು ಹತ್ತಿದ. ಯಮುನಾಬಾಯಿಯ ಹೊಲಿಗೆ ಅಂಗಡಿ ಎಲ್ಲಿದೆ ಎಂಬುದು ಸಂದೇಶಗಳಲ್ಲೇ ಇತ್ತು.

“ನಾನು ಇಂದುಧರ ಅಂತ. ಓದಿದ್ದು ನಿಮ್ಮ ಮಗಳಲ್ರೀ, ನಾನು.”

ಯಮುನಾಬಾಯಿ ಹೊಲಿಗೆ ಮಷಿನ್ನಿನ ಚಕ್ರ ಹಿಡಿದು ನಿಲ್ಲಿಸಿದಳು.

“ಏನು ತಗೊಂಡಿ?”

“ಏನೂ ತಗೊಂಡಿಲ್ರೀ. ಓದಿದೆ, ಅಷ್ಟ.”

“ಅಷ್ಟ? ನಿನ್ನೆಯಿಂದ ನಾನು ಆಕಿ ಉತ್ತರ ಕಾಯಕತ್ತೀನಿ.”

ಅವನು ತಲೆ ತಗ್ಗಿಸಿದ.

“ಅಷ್ಟೂ ಯಾಕ ಓದಿದಿ?”

“ಪ್ರತಿ ಸಲಾನೂ ‘ಊಟ ಆತೇನು’ ಅಂತ ಬರದೀರಿ. ನನ್ನ ಯಾರೂ ಹಂಗ ಕೇಳಂಗಿಲ್ರೀ.”

“ಅದು ನಿನ್ನ ಕೇಳಿದ್ದಲ್ಲ,” ಎಂದಳು ಯಮುನಾಬಾಯಿ.

ಇಂದುಧರ ಅಲ್ಲಿಂದ ನೇರ ಕಾಲೇಜಿಗೆ ಹೋದ. ಬೀಗ ಎಲ್ಲಿ ಸಡಿಲವಿತ್ತೆಂದು ಬರೆದುಕೊಟ್ಟು, ಕೆಳಗೆ ತನ್ನ ನಿಜವಾದ ಹೆಸರು ಹಾಕಿದ.

ನೀತಿ: ತೆರೆಯಲು ಬರುತ್ತದೆ ಎಂದ ಮಾತ್ರಕ್ಕೆ ಬಾಗಿಲು ನಮ್ಮದಾಗುವುದಿಲ್ಲ. ಏನನ್ನೂ ಕದಿಯದವನೂ ಒಬ್ಬರ ಮನೆಯೊಳಗೆ ನೋವು ಬಿಟ್ಟು ಬರಬಹುದು. ತಪ್ಪಾದಾಗ ಗುರುತು ಅಳಿಸುವುದು ಜಾಣತನ. ಹೋಗಿ ಹೆಸರು ಹೇಳುವುದು ಮನುಷ್ಯತನ.

ಆಮೇಲೆ ಯಮುನಾಬಾಯಿ ಮಗಳಿಗೆ ಕಳಿಸಿದ ನೂರ ಹದಿಮೂರನೆಯ ಸಂದೇಶದ ಕೆಳಗೆ ಇನ್ನೂ ‘ಓದಲಾಗಿದೆ’ ಎಂದು ಬಂದಿಲ್ಲ.