ಬಸ್ ಸ್ಟ್ಯಾಂಡಿನ ಗೋಡೆ

ಅಂದು ಸಂತೆಯೂ ಇರಲಿಲ್ಲ, ಹಬ್ಬವೂ ಇರಲಿಲ್ಲ. ಬರೀ ಒಂದು ಬುಧವಾರ.

ಹೊಳೆದಂಡೆಯ ಆ ಊರಿನಲ್ಲಿ ವಾಮದೇವಪ್ಪನವರು ಊರವರನ್ನೇ ಸೇರಿಸಿಕೊಂಡು ನಾಟಕ ಆಡಿಸುತ್ತಿದ್ದರು. ಕೊಟ್ರೇಶಿ ಅವರ ಶಿಷ್ಯ, ಹೊಸ ನಾಟಕದಲ್ಲಿ ರಾಣಿ. ಪಾರ್ಟು ಆಡುವ ಮೊದಲು ಪೋಸ್ಟರ್ ಅಂಟಿಸುವುದನ್ನು ಕಲಿಯಬೇಕು ಎಂಬುದು ಗುರುಗಳ ಕಟ್ಟಳೆ.

ಹಿಂದಿನ ನಾಟಕಕ್ಕೆ ನೋಡಲು ಬಂದವರಿಗಿಂತ ಆಡಿದವರೇ ಹೆಚ್ಚಾಗಿದ್ದರು. ಈ ಸಲವೂ ಜನ ಬರದಿದ್ದರೆ ತಂಡವನ್ನು ಮುಚ್ಚಿಬಿಡುವುದೆಂದು ಎಲ್ಲರೂ ಒಪ್ಪಿಯಾಗಿತ್ತು.

ಕೊಟ್ರೇಶಿ ಬೆಳಿಗ್ಗೆಯೇ ಮೈದಾ ಗಂಜಿ ಕಾಯಿಸಿದ. ಬಕೆಟ್ ಹಿಡಿದು, ಊರಿಗೆಲ್ಲ ಕಾಣುವ ಜಾಗ ಹುಡುಕುತ್ತ ಹೋದ. ಬಸ್ ಸ್ಟ್ಯಾಂಡಿನ ಗೋಡೆ ಸಿಕ್ಕಿತು. ಅಂಟಿಸಿದ.

ಗುರುಗಳು ಬಂದು ನೋಡಿದರು. ಪೋಸ್ಟರಿನ ಮೇಲಂಚಿನಲ್ಲಿ ಒಂದು ಹಣೆ, ಹಣೆಯಲ್ಲಿ ಕುಂಕುಮ ಇಣುಕುತ್ತಿತ್ತು.

“ಯಾರ ಮೇಲೆ ಅಂಟಿಸಿದ್ದೀಯ?”

“ಹಳೇ ಶ್ರದ್ಧಾಂಜಲಿ ಪೋಸ್ಟರ್, ಗುರುಗಳೆ. ಬಣ್ಣ ಮಾಸಿತ್ತು. ಯಾರೂ ನೋಡ್ತಿರಲಿಲ್ಲ.”

ಗುರುಗಳು ಚಹಾದಂಗಡಿಯಿಂದ ಒಂದು ಚೊಂಬು ನೀರು ತಂದು ಎರಚಿದರು. ಪೋಸ್ಟರನ್ನು ಮೆಲ್ಲಗೆ ಬಿಡಿಸಿದರು. ಅದರ ಜೊತೆ ಕೆಳಗಿನ ಹಾಳೆಯೂ ಅರ್ಧ ಕಿತ್ತು ಬಂತು. ಹಣೆ ಗೋಡೆಯಲ್ಲೇ ಉಳಿಯಿತು. ಮುಖ ಪೋಸ್ಟರಿನ ಬೆನ್ನಿಗೆ ಅಂಟಿಕೊಂಡಿತ್ತು.

“ಹೋಗಿ ಹೇಳಿ ಬಾ,” ಎಂದರು.

“ಯಾರಿಗೆ?”

“ಸತ್ತವಳಿಗೆ ಹೇಳೋಕಾಗಲ್ಲ. ಮನೆಯವರಿಗೆ.”

“ಬೈತಾರೆ, ಗುರುಗಳೆ.”

“ಬೈದ್ರೆ ಕೇಳಿಸ್ಕೊಂಡು ಬಾ.”

ಸತ್ತವಳು ಓಬಮ್ಮ, ಸೈಕಲ್ ಶಾಪಿನ ತಿಪ್ಪೇಸ್ವಾಮಿಯ ಹೆಂಡತಿ. ಕೊಟ್ರೇಶಿ ಹೋದಾಗ ತಿಪ್ಪೇಸ್ವಾಮಿ ಟ್ಯೂಬನ್ನು ನೀರಿನ ಬೋಗುಣಿಯಲ್ಲಿ ಅದ್ದಿ ಗುಳ್ಳೆ ಎಲ್ಲೇಳುತ್ತದೆಂದು ನೋಡುತ್ತಿದ್ದ. ಕೊಟ್ರೇಶಿ ಆದದ್ದನ್ನು ಆದಂತೆ ಹೇಳಿದ. ತಿಪ್ಪೇಸ್ವಾಮಿಯ ಕೈ ನೀರಿನಲ್ಲೇ ನಿಂತಿತು.

“ದಿನಾ ಬೆಳಿಗ್ಗೆ ಅಂಗಡಿಗೆ ಬರ್ತಾ ಅವಳನ್ನ ಒಂದ್ಸಲ ನೋಡ್ಕಂಡು ಬರ್ತಿದ್ದೆ.”

“ತಪ್ಪಾಯ್ತಣ್ಣ. ಹೊಸದು ಪ್ರಿಂಟ್ ಹಾಕಿಸಿ ಕೊಡ್ತೀವಿ.”

“ಬೇಡ. ಮಳೆ ಬಿದ್ದಿದ್ರೆ ಅದೂ ಹೋಗ್ತಿತ್ತು.” ಅವನು ಟ್ಯೂಬ್ ಒರೆಸಿ ಪಕ್ಕಕ್ಕಿಟ್ಟ. “ಯಾವತ್ತು ನಾಟಕ?”

“ಶನಿವಾರ ಸಂಜೆ, ಹೈಸ್ಕೂಲ್ ಬಯಲಲ್ಲಿ.”

“ಅವಳಿಗೆ ನಾಟಕ ಅಂದ್ರೆ ಪ್ರಾಣ. ಕರ್ಕಂಡು ಹೋಗು ಅಂತ ಕೇಳೋಳು. ಪಂಚರ್ ಬಿಟ್ಟು ಹೆಂಗೆ ಬರ್ಲಿ ಅಂತಿದ್ದೆ ನಾನು.”

ಕೊಟ್ರೇಶಿ ಹೊರಡಲೆಂದು ಗಂಜಿಯ ಬಕೆಟ್ ಎತ್ತಿಕೊಂಡ. ತಿಪ್ಪೇಸ್ವಾಮಿ ಅದರತ್ತ ನೋಡಿದ.

“ಇಲ್ಲೊಂದು ಅಂಟಿಸು. ಶಟರ್ ಮೇಲೆ ಬೇಡ ಮಾರಾಯ. ಎತ್ತಿದ್ರೆ ನಿಮ್ಮ ನಾಟಕ ಸುತ್ಕಂಡು ಹೋಗ್ತದೆ.”

ಅಲ್ಲಿಂದ ಮುಂದೆ ಕೊಟ್ರೇಶಿ ಪ್ರತಿ ಗೋಡೆಯ ಯಜಮಾನನನ್ನು ಕೇಳಿಯೇ ಅಂಟಿಸಿದ. ಮರುದಿನ ಸಂಜೆ ಗುರುಗಳ ಮುಂದೆ ಗೊಣಗಿದ.

“ಅರ್ಧ ಪೋಸ್ಟರ್ ಹಾಗೇ ಉಳಿದಿವೆ. ಕೇಳೋಕೆ ಹೋದ್ರೆ ಒಳಗೆ ಕರೀತಾರೆ, ಚಹಾ ಕೊಡ್ತಾರೆ. ಯಾರ ಮಗ ನೀನು, ಯಾವ ಪಾರ್ಟು, ಈ ಮೀಸೇಲಿ ರಾಣಿ ಪಾರ್ಟಾ ಅಂತ ನಗ್ತಾರೆ. ಒಂದೊಂದು ಗೋಡೆಗೂ ಒಂದೊಂದು ಪುರಾಣ.”

“ನೀನೇನಂದೆ?”

“ಬಂದು ನೋಡಿ ಅಂದೆ.”

“ಪೋಸ್ಟರ್ ಹೇಳೋದೂ ಅದನ್ನೇ ಅಲ್ವೇನೋ?” ಎಂದರು ಗುರುಗಳು.

ಶನಿವಾರ ಕೊಟ್ರೇಶಿ ಮುಖಕ್ಕೆ ಬಣ್ಣ ಹಚ್ಚಿಕೊಂಡು ಪರದೆಯ ಸಂದಿಯಿಂದ ಇಣುಕಿದ. ಚಹಾ ಕೊಟ್ಟವರು, ನಕ್ಕವರು, ಗೋಡೆ ಕೊಡದೆ ಗದರಿಸಿ ಕಳಿಸಿದವರು ಕೂಡ ಬಂದಿದ್ದರು. ಕುರ್ಚಿ ಸಿಗದವರು ಕಾಂಪೌಂಡಿನ ಮೇಲೆ ಹತ್ತಿ ಕೂತಿದ್ದರು. ಮುಂದಿನ ಸಾಲಿನಲ್ಲಿ ತಿಪ್ಪೇಸ್ವಾಮಿ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಕೂತಿದ್ದ.

“ಗುರುಗಳೆ, ಹಿಂದೆ ಜನ ನಿಂತಿದ್ದಾರೆ. ತಿಪ್ಪೇಸ್ವಾಮಣ್ಣನ ಪಕ್ಕ ಒಂದು ಕುರ್ಚಿ ಖಾಲಿ ಇದೆ. ಯಾರನ್ನಾದ್ರೂ ಕೂರಿಸಲಾ?”

ಗುರುಗಳು ಪರದೆ ಸರಿಸಿ ನೋಡಿದರು.

“ಖಾಲಿ ಇಲ್ಲ,” ಎಂದರು. “ಟವೆಲ್ ಹಾಕಿದ್ದಾನೆ.”