ಆಮೆಯ ಬೇಜಾರಿಗೊಂದು ಹೆಸರು

ಜೊತೆಗಾತಿ ಸತ್ತು ಒಂಟಿಯಾಗಿದ್ದ ಆಮೆಯ ಕೆರೆಗೆ, ದೇಶ ಸುತ್ತಿ ಇಂಗ್ಲಿಷ್ ಕಲಿತ ಹೆಬ್ಬಾತೊಂದು ಬಂದಿಳಿಯಿತು.

"ಬೇಜಾರು, ತಂಗಿ" ಎಂದಿತು ಆಮೆ.

"ಬರೀ ಬೇಜಾರು ಅಂದರೆ ಹೇಗಣ್ಣ? ಒಳಗೆಲ್ಲ ಮೋಡ ಕವಿದಂತಿದ್ದರೆ ಅದು ಗ್ಲೂಮ್. ಅದೇನಾ?"

"ಅಲ್ಲ."

"ಅಳುವೂ ಬಾರದೆ ಸಂಜೆಯ ನೀರನ್ನೇ ನೋಡುತ್ತ ಕೂತರೆ ಮೆಲಂಕಲಿ."

"ಅದೂ ಅಲ್ಲ."

"ನಾಳೆಯೇ ಬೇಡವೆನ್ನಿಸಿದರೆ ಡೆಸ್ಪೇರ್."

"ಊಹೂಂ. ಮುಂದೆ?"

ಹೆಬ್ಬಾತಿನ ಪದಗಳು ಮುಗಿದವು. "ಒಂದೂ ಒಪ್ಪದಿದ್ದರೆ ನಿನ್ನದು ಬೇಜಾರೇ ಅಲ್ಲ ಬಿಡು" ಎಂದು ರೆಕ್ಕೆ ಬಿಚ್ಚಿತು.

"ಎಲ್ಲವೂ ಒಪ್ಪಿದವು, ತಂಗಿ. ಹೌದು ಅಂದಿದ್ದರೆ ನೀನು ಆಗಲೇ ಹಾರಿಬಿಡುತ್ತಿದ್ದೆ."

ಎಷ್ಟು ಊರು ಸುತ್ತಿದರೂ 'ಇರು' ಎನ್ನುವವರನ್ನು ಕಂಡಿರದ ಹೆಬ್ಬಾತು ರೆಕ್ಕೆ ಮಡಚಿತು. "ತಡಿ, ಇನ್ನೊಂದು ಪದ ಮರೆತಿದ್ದೆ. ಅದರ ಅರ್ಥ ಬಿಡಿಸಿ ಹೇಳುವಷ್ಟರಲ್ಲಿ ಬೆಳಗಾದೀತು."